ಮೌಂಟ್ ಪಾಯಿಂಟ್‌ನ ಅಡಿಯಲ್ಲಿ ಸಿಕ್ಕ 34 ಕ್ಯಾಸೆಟ್‌ಗಳು

ನಮ್ಮ ದೊಡ್ಡಪ್ಪನ ಹತ್ತಿರ ತಾಳಮದ್ದಳೆ ಕ್ಯಾಸೆಟ್‌ಗಳ ದೊಡ್ಡ ಸಂಗ್ರಹ ಇದೆ. 1980ರ ದಶಕದಲ್ಲಿ ಮಳೆಗಾಲ ಬಂದರೆ ಸಾಕು, ಸಿರ್ಸಿ ಸುತ್ತಮುತ್ತ ಎಲ್ಲಿ ಕೂಟ ಇದ್ದರೂ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನಾನು ಹಿಡಿದುಕೊಂಡಿದ್ದೇನೆ. 90 ನಿಮಿಷದ ಒಂದು ಕ್ಯಾಸೆಟ್ ಕುಗ್ಗಿಸದೆ ಇಳಿಸಿದರೆ ಸುಮಾರು 950 ಎಂಬಿ ಆಗುತ್ತದೆ. ಟೇಪು ಹಳೆಯದು. ಕೆಲವು ಒಮ್ಮೆ ಓಡಿದ ಮೇಲೆ ಮತ್ತೆ ಓಡುವುದಿಲ್ಲ. ಪಟ್ಟಿ ತುಂಡಾಗುತ್ತದೆ, ಇಲ್ಲಾಂದ್ರೆ ಮೇಲಿನ ಕಂದು ಪುಡಿ ಹೆಡ್ಡಿಗೆ ಅಂಟಿಕೊಂಡು ಉದುರುತ್ತದೆ. ಹಾಗಾಗಿ ಇಳಿಸಿದ ಫೈಲೇ ಎಷ್ಟೋ ಸಲ ಉಳಿಯುವ ಒಂದೇ ಪ್ರತಿ.

2022ರ ಜುಲೈ ಕೊನೆಯಲ್ಲಿ ಆ ಒಂದೇ ಪ್ರತಿಗಳಲ್ಲಿ 34 ಕಾಣೆಯಾದವು. ಹೇಗೆ ಹೋದವು, ಹೇಗೆ ಸಿಕ್ಕವು ಅನ್ನುವುದನ್ನು ಪೂರ್ತಿ ಬರೆದಿಡಬೇಕು ಅಂತ ಆಗಲೇ ಅಂದುಕೊಂಡಿದ್ದೆ.

ಮೊದಲು ವ್ಯವಸ್ಥೆ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಮನೆಯ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್, ಅದರಲ್ಲಿ ಡೆಬಿಯನ್ 11 ಅನ್ನುವ ಲಿನಕ್ಸ್. ಲಿನಕ್ಸ್ ಇರುವುದು 60 ಜಿಬಿಯ ಚಿಕ್ಕ ಎಸ್‌ಎಸ್‌ಡಿಯಲ್ಲಿ. ಧ್ವನಿ ಫೈಲುಗಳಿಗೆ ಬೇರೆ ಯುಎಸ್‌ಬಿ ಡಿಸ್ಕ್. ಅದು ಎಸ್‌ಆರ್‌ವಿ ಡೈರೆಕ್ಟರಿಯೊಳಗೆ ‘ಧ್ವನಿ’ ಅನ್ನುವ ಹೆಸರಿನಲ್ಲಿ ಮೌಂಟ್ ಆಗುತ್ತದೆ, ಅಂದರೆ ಆ ಡೈರೆಕ್ಟರಿ ತೆರೆದರೆ ಡಿಸ್ಕಿನ ಒಳಗಿರುವುದು ಕಾಣುತ್ತದೆ. ಕ್ಯಾಸೆಟ್ ಇಳಿಸುವುದು ಇನ್ನೊಂದು ಲ್ಯಾಪ್‌ಟಾಪಿನಲ್ಲಿ. ಪ್ರತಿ ತಿಂಗಳ 1ನೇ ತಾರೀಖು ರಾತ್ರಿ 2 ಗಂಟೆಗೆ ಲ್ಯಾಪ್‌ಟಾಪ್ ತನ್ನಲ್ಲಿ ಸೇರಿದ ಫೈಲುಗಳನ್ನೆಲ್ಲ ಆರ್‌ಸಿಂಕ್ ಅನ್ನುವ ನಕಲು ಮಾಡುವ ಪ್ರೋಗ್ರಾಂ ಮೂಲಕ ಧ್ವನಿಗೆ ಕಳಿಸುತ್ತದೆ. ಕಳಿಸಿದ ಫೈಲು ಸರಿಯಾಗಿ ತಲುಪಿದ ಮೇಲೆ ತನ್ನ ಪ್ರತಿಯನ್ನು ಅಳಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ, ಅದಕ್ಕೆ ಹಾಗೆ ಇಟ್ಟಿದ್ದೆ.

ಆ ಯುಎಸ್‌ಬಿ ಡಿಸ್ಕಿಗೆ ವಯಸ್ಸಾಗಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯ 5ನೇ ಸಂಖ್ಯೆಯ ಸಾಲಿನಲ್ಲಿ, ಅಂದರೆ ಕೆಟ್ಟುಹೋಗಿ ಬೇರೆ ಕಡೆಗೆ ಬದಲಾಯಿಸಿದ ಸೆಕ್ಟರ್‌ಗಳ ಲೆಕ್ಕದಲ್ಲಿ, ಸಂಖ್ಯೆ ವಾರವಾರಕ್ಕೂ ಏರುತ್ತಿತ್ತು. ಅದು ಏರಲು ಶುರುವಾದರೆ ಕಾಯಬಾರದು. 2 ಟಿಬಿಯ ಹೊಸ ಡಿಸ್ಕ್ ತಂದೆ. ಜುಲೈ 31, ಭಾನುವಾರ ಸಂಜೆ ಕೆಲಸಕ್ಕೆ ಕೂತೆ.

ಹೊಸ ಡಿಸ್ಕಿಗೆ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್, ಅಂದರೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಹಾಕಿದೆ. ತಾತ್ಕಾಲಿಕವಾಗಿ ಬೇರೆ ಜಾಗದಲ್ಲಿ ಮೌಂಟ್ ಮಾಡಿ, ಹಳೆಯದರಿಂದ ಎಲ್ಲವನ್ನೂ ನಕಲು ಮಾಡಿದೆ. ಒಂದು ಗಂಟೆ ಹಿಡಿಯಿತು. ಫೈಲುಗಳ ಎಣಿಕೆ ಸರಿ ಇತ್ತು. ಎರಡೂ ಡಿಸ್ಕನ್ನು ಅನ್‌ಮೌಂಟ್ ಮಾಡಿ, ಹಳೆಯದನ್ನು ಕಿತ್ತು ಬೀರುವಿನಲ್ಲಿಟ್ಟೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲು ತೆರೆದು ಹಳೇ ಡಿಸ್ಕಿನ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಅಳಿಸಿ ಹೊಸದರದ್ದನ್ನು ಬರೆದೆ.

ಎಫ್‌ಎಸ್‌ಟ್ಯಾಬ್‌ನ ಸಾಲಿನಲ್ಲಿ 6 ಭಾಗ ಇರುತ್ತವೆ. ಯಾವ ಡಿಸ್ಕು, ಎಲ್ಲಿ ಮೌಂಟ್ ಆಗಬೇಕು, ಯಾವ ಬಗೆಯ ಫೈಲ್‌ಸಿಸ್ಟಮ್, ಏನೇನು ಆಯ್ಕೆಗಳು, ಡಂಪ್ ಅನ್ನುವ ಹಳೇ ಬಗೆಯ ಬ್ಯಾಕಪ್ ಬೇಕಾ ಬೇಡವಾ, ಬೂಟ್ ಆಗುವಾಗ ಎಷ್ಟನೇ ಸರದಿಯಲ್ಲಿ ಪರೀಕ್ಷೆ. ಮೊದಲ ಭಾಗದಲ್ಲಿ ಎಸ್‌ಡಿಬಿ, ಎಸ್‌ಡಿಸಿ ಅಂತ ಬರೆಯುವವರನ್ನು ಈಗಲೂ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಡಿಸ್ಕ್ ಮೊದಲು ಎದ್ದಿತೋ ಅದಕ್ಕೆ ಮೊದಲ ಹೆಸರು ಸಿಗುತ್ತದೆ. ನಾಳೆ ಇನ್ನೊಂದು ಪೆನ್‌ಡ್ರೈವ್ ಸಿಕ್ಕಿಸಿದರೆ ಹೆಸರು ಬದಲಾಗಬಹುದು. ಯುಯುಐಡಿ ಫೈಲ್‌ಸಿಸ್ಟಮ್‌ನ ಒಳಗೇ ಬರೆದಿರುತ್ತದೆ. ಮತ್ತೆ ಫಾರ್ಮ್ಯಾಟ್ ಮಾಡುವ ತನಕ ತಾನಾಗಿ ಬದಲಾಗುವುದಿಲ್ಲ.

ಸಾಲು ಬದಲಾಯಿಸಿ, ಮೌಂಟ್ ಆಜ್ಞೆ ಕೊಟ್ಟೆ. ಏನೂ ಹೇಳದೆ ಮುಂದಿನ ಸಾಲಿಗೆ ಬಂತು. ಲಿನಕ್ಸ್‌ನ ಮೂಲಪುರುಷ ಯೂನಿಕ್ಸ್‌ನಲ್ಲಿ ಸುಮ್ಮನಿದ್ದರೆ ಎಲ್ಲ ಸರಿಯಾಗಿದೆ ಅಂತ ಅರ್ಥ. ಇಪ್ಪತ್ತು ವರ್ಷದಿಂದ ಹಾಗೇ ಓದಿಕೊಂಡು ಬಂದವನು ನಾನು. ಗಂಟೆ ರಾತ್ರಿ ಹನ್ನೊಂದರ ಹತ್ತಿರ. ಮಲಗಿದೆ.

ಬೆಳಿಗ್ಗೆ ದೊಡ್ಡಪ್ಪ ಫೋನ್ ಹಿಡಿದುಕೊಂಡು ಬಂದರು. ದಿನಾ ಚಹಾದ ಜೊತೆ ಅವರು ಒಂದು ಪದ್ಯ ಹಾಕಿಕೊಂಡು ಕೇಳುತ್ತಾರೆ. ‘ಏನೂ ಕಾಣ್ತಾ ಇಲ್ಲ ನೋಡು’ ಅಂದರು. ಲ್ಯಾಪ್‌ಟಾಪ್ ನೋಡಿದೆ. ರಾತ್ರಿಯ ಕೆಲಸ ಅರ್ಧಕ್ಕೆ ನಿಂತಿತ್ತು. ಲಾಗಿನಲ್ಲಿ, ಡಿಸ್ಕಿನಲ್ಲಿ ಜಾಗ ಇಲ್ಲ ಅನ್ನುವ ದೋಷ ಇತ್ತು. 2 ಟಿಬಿ ಡಿಸ್ಕ್, ಅದರಲ್ಲಿ 300 ಜಿಬಿಯೂ ತುಂಬಿಲ್ಲ, ಜಾಗ ಹೇಗೆ ಇಲ್ಲ? ಕಂಪ್ಯೂಟರ್ ಬೇರೆ ತೀರಾ ನಿಧಾನ ಆಗಿತ್ತು. ನಾನು ರೀಬೂಟ್ ಮಾಡಿದೆ.

ಆ ರೀಬೂಟ್ ಒಂದು ಕೆಲಸ ಮಾಡಿತು, ಒಂದು ಸುಳಿವನ್ನು ಮುಚ್ಚಿತು. ಅದು ನನಗೆ ಗೊತ್ತಾಗಿದ್ದು ಆಮೇಲೆ.

ರೀಬೂಟ್ ಆದ ಮೇಲೆ ದೊಡ್ಡಪ್ಪನ ಫೋನಿನಲ್ಲಿ ಎಲ್ಲವೂ ಬಂತು. ಭಾಗವತರ ದನಿ ಕೇಳಿಸಿತು. ಅವರು ಖುಷಿಯಾಗಿ ಹೋದರು. ನಾನು ಜುಲೈನಲ್ಲಿ ಇಳಿಸಿದ ಕ್ಯಾಸೆಟ್‌ಗಳನ್ನು ಹುಡುಕಿದೆ. ಒಟ್ಟು 38 ಇರಬೇಕಿತ್ತು. ಧ್ವನಿ ಡೈರೆಕ್ಟರಿಯಲ್ಲಿ ಒಂದೂ ಇಲ್ಲ. ಲ್ಯಾಪ್‌ಟಾಪಿನಲ್ಲಿ 4 ಮಾತ್ರ ಉಳಿದಿದ್ದವು. ಮಿಕ್ಕ 34 ತಲುಪಿವೆ ಅಂತ ಖಾತ್ರಿ ಮಾಡಿಕೊಂಡೇ ಲ್ಯಾಪ್‌ಟಾಪ್ ಅಳಿಸಿತ್ತು. ತಲುಪಿದ್ದು ಎಲ್ಲಿಗೆ?

ಆ 34ರಲ್ಲಿ 2 ಕ್ಯಾಸೆಟ್ ಇಳಿಸುವಾಗಲೇ ತುಂಡಾಗಿದ್ದವು. ಒಂದು 1987ರ ಮಳೆಗಾಲದ್ದು. ನನ್ನ ಕೈ ತಣ್ಣಗಾಯಿತು.

ಗಾಬರಿಯಲ್ಲಿ ಮಾಡಬಾರದ ಕೆಲಸ ಅಂದರೆ ಬರೆಯುವುದು. ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು, ಅಳಿಸಬಾರದು, ಸ್ವಚ್ಛ ಮಾಡಲು ಹೋಗಬಾರದು. ಮೊದಲು ಎಲ್ಲ ನಿಗದಿತ ಕೆಲಸಗಳನ್ನು ನಿಲ್ಲಿಸಿದೆ. ಆಮೇಲೆ ಬರೀ ನೋಡುವ ಆಜ್ಞೆಗಳನ್ನು ಕೊಡುತ್ತಾ ಹೋದೆ.

ಯಾವ ಡಿಸ್ಕಿನಲ್ಲಿ ಎಷ್ಟು ಜಾಗ ಖಾಲಿ ಇದೆ ಅಂತ ಹೇಳುವ ಡಿಎಫ್ ಆಜ್ಞೆ ಕೊಟ್ಟೆ. ಧ್ವನಿ ಸರಿಯಾಗಿ ಹೊಸ ಡಿಸ್ಕಿನ ಮೇಲಿತ್ತು, ಬೇಕಾದಷ್ಟು ಜಾಗ ಖಾಲಿ. ಆದರೆ ಮೂಲ ಫೈಲ್‌ಸಿಸ್ಟಮ್, ಅಂದರೆ ಎಸ್‌ಎಸ್‌ಡಿ, 100 ಪ್ರತಿಶತ ತುಂಬಿದೆ ಅಂತ ತೋರಿಸಿತು. ಅದು ಹಿಂದಿನ ದಿನ 22 ಜಿಬಿ ಬಳಕೆಯಲ್ಲಿತ್ತು. ಪೂರ್ತಿ ತುಂಬಿದರೂ ಕಂಪ್ಯೂಟರ್ ಏಳುತ್ತದೆ ಹೇಗೆ ಅಂತ ಕೇಳಬಹುದು. ಇಎಕ್ಸ್‌ಟಿ4 ಮಾಡುವಾಗ 5 ಪ್ರತಿಶತ ಜಾಗವನ್ನು ರೂಟ್ ಬಳಕೆದಾರನಿಗೆ, ಅಂದರೆ ಯಂತ್ರದ ಯಜಮಾನ ಖಾತೆಗೆ, ಅಂತ ತೆಗೆದಿಡುತ್ತದೆ. ಸಾಮಾನ್ಯ ಬಳಕೆದಾರನಿಗೆ ಜಾಗ ಮುಗಿದರೂ ವ್ಯವಸ್ಥೆಗೆ ಉಸಿರಾಡಲು ಸ್ವಲ್ಪ ಉಳಿದಿರುತ್ತದೆ. ಆವತ್ತು ಅದೇ ನನ್ನನ್ನು ಕಾಪಾಡಿತು.

ಇನ್ನು ಡಿಯು, ಫೈಲುಗಳು ಎಷ್ಟು ಜಾಗ ಹಿಡಿದಿವೆ ಅಂತ ಕೂಡಿಸುವ ಆಜ್ಞೆ. ಒಂದೇ ಫೈಲ್‌ಸಿಸ್ಟಮ್ ಬಿಟ್ಟು ಹೊರಗೆ ಹೋಗಬೇಡ ಅನ್ನುವ ಆಯ್ಕೆ ಕೊಟ್ಟು ಮೂಲದಿಂದ ಲೆಕ್ಕ ಹಾಕಿಸಿದೆ. ಅದು ಹೇಳಿದ್ದು 22 ಜಿಬಿ.

ಒಂದು ಆಜ್ಞೆ ತುಂಬಿದೆ ಅನ್ನುತ್ತದೆ, ಇನ್ನೊಂದು 22 ಅನ್ನುತ್ತದೆ. ನಡುವೆ 32 ಜಿಬಿಯಷ್ಟು ವ್ಯತ್ಯಾಸ. ಇಬ್ಬರೂ ಸುಳ್ಳು ಹೇಳುವವರಲ್ಲ. ಡಿಎಫ್ ಕೇಳುವುದು ಫೈಲ್‌ಸಿಸ್ಟಮ್‌ನ ಲೆಕ್ಕಪುಸ್ತಕವನ್ನು. ಎಷ್ಟು ಬ್ಲಾಕ್ ಖಾಲಿ ಇದೆ ಅಂತ ಅಲ್ಲೇ ಬರೆದಿರುತ್ತದೆ. ಡಿಯು ಮನೆಮನೆಗೆ ಹೋಗಿ ತಲೆ ಎಣಿಸಿದ ಹಾಗೆ, ಕಣ್ಣಿಗೆ ಕಂಡ ಫೈಲುಗಳನ್ನು ಮಾತ್ರ ಕೂಡಿಸುತ್ತದೆ. ಲೆಕ್ಕದಲ್ಲಿ ಇದ್ದು ಕಣ್ಣಿಗೆ ಕಾಣದ 32 ಜಿಬಿ ಎಲ್ಲಿದೆ ಅನ್ನುವುದೇ ಪ್ರಶ್ನೆ.

ಇಂಥ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಎಲ್ಲರೂ ಹೇಳುವ ಕಾರಣ ಒಂದಿದೆ. ಫೈಲನ್ನು ಅಳಿಸಿರುತ್ತೇವೆ, ಆದರೆ ಯಾವುದೋ ಪ್ರೋಗ್ರಾಂ ಅದನ್ನು ಇನ್ನೂ ತೆರೆದು ಹಿಡಿದುಕೊಂಡಿರುತ್ತದೆ. ಹೆಸರು ಹೋಗಿರುತ್ತದೆ, ಜಾಗ ಬಿಟ್ಟಿರುವುದಿಲ್ಲ. ದೊಡ್ಡ ಲಾಗ್ ಫೈಲುಗಳ ವಿಷಯದಲ್ಲಿ ಇದು ದಿನನಿತ್ಯದ ಕಥೆ. ಆದರೆ ನಾನು ಆಗಷ್ಟೇ ರೀಬೂಟ್ ಮಾಡಿದ್ದೆ. ರೀಬೂಟ್ ಆದರೆ ಯಾರೂ ಏನನ್ನೂ ಹಿಡಿದುಕೊಂಡಿರಲು ಸಾಧ್ಯವಿಲ್ಲ. ಹಾಗಾಗಿ ಅದು ಅಲ್ಲ.

ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹೊರಗೆ ಮಳೆ. ಕಾಗದ ತೆಗೆದುಕೊಂಡು ಎರಡು ಸಂಖ್ಯೆ ಬರೆದೆ. ಕಾಣೆಯಾದ ಕ್ಯಾಸೆಟ್ 34. ಒಂದಕ್ಕೆ 950 ಎಂಬಿಯಂತೆ ಗುಣಿಸಿದೆ. ಸುಮಾರು 32 ಜಿಬಿ.

ಎರಡು ಒಗಟು ಅಂದುಕೊಂಡಿದ್ದು ಒಂದೇ ಒಗಟು.

ಕ್ಯಾಸೆಟ್‌ಗಳು ಎಸ್‌ಎಸ್‌ಡಿಯ ಮೇಲೇ ಇವೆ. ನಾನು ನೋಡಲು ಆಗದ ಜಾಗದಲ್ಲಿವೆ. ಎಸ್‌ಎಸ್‌ಡಿಯಲ್ಲಿ ನಾನು ನೋಡಲು ಆಗದ ಜಾಗ ಯಾವುದು? ಮೌಂಟ್ ಪಾಯಿಂಟ್‌ನ ಅಡಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಿಚಿ ಮತ್ತು ಥಾಂಪ್ಸನ್ 1974ರಲ್ಲಿ ಯೂನಿಕ್ಸ್ ಬಗ್ಗೆ ಬರೆದ ಲೇಖನದಲ್ಲಿ ಮೌಂಟ್ ಅಂದರೆ ಏನು ಅಂತ ವಿವರಿಸಿದ್ದಾರೆ. ಮರದ ಒಂದು ಎಲೆಯ ಜಾಗಕ್ಕೆ ಇಡೀ ಹೊಸ ಉಪಮರವನ್ನು ತಂದು ಕೂಡಿಸುವುದು ಅಂತ. ಹೊಸ ಡಿಸ್ಕಿನ ಮರ ನಮ್ಮ ಮರದ ಭಾಗವಾಗಿಬಿಡುತ್ತದೆ. ಕಸಿ ಕಟ್ಟಿದ ಜಾಗ ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಎಷ್ಟು ಚಂದದ ಯೋಚನೆ ಅಲ್ವಾ? ವಿಂಡೋಸ್‌ನ ಹಾಗೆ ಸಿ, ಡಿ, ಇ ಅಂತ ಬೇರೆ ಬೇರೆ ಮರಗಳಿಲ್ಲ. ಎಲ್ಲ ಒಂದೇ ಬೇರಿನಿಂದ ಹೊರಡುತ್ತದೆ. ಆದರೆ ಕೂಡಿಸುವಾಗ ಆ ಎಲೆಯನ್ನು ಯಾರೂ ಕಿತ್ತು ಬಿಸಾಡುವುದಿಲ್ಲ. ಅದು ಅಡಿಯಲ್ಲೇ ಇರುತ್ತದೆ. ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಕಂಬಳಿ ಹಾಸಿದ ಹಾಗೆ. ಅಡಿಕೆ ಎಲ್ಲಿಗೂ ಹೋಗಿಲ್ಲ, ಕಾಣುವುದಿಲ್ಲ ಅಷ್ಟೇ.

ನನ್ನ ‘ಧ್ವನಿ’ ಅನ್ನುವುದು ಎಸ್‌ಎಸ್‌ಡಿಯ ಮೇಲಿನ ಒಂದು ಮಾಮೂಲಿ ಡೈರೆಕ್ಟರಿ. ಅದರ ಮೇಲೆ ಡಿಸ್ಕ್ ಕೂತರೆ ಡಿಸ್ಕ್ ಕಾಣುತ್ತದೆ. ಡಿಸ್ಕ್ ಇಲ್ಲದಿದ್ದರೆ ಬರೀ ಡೈರೆಕ್ಟರಿ. ಬರೆಯಲು ಬಂದವರಿಗೆ ಎರಡೂ ಒಂದೇ. ಹೆಸರು ಅದೇ, ದಾರಿ ಅದೇ. ರಾತ್ರಿ 2 ಗಂಟೆಗೆ ಅಲ್ಲಿ ಡಿಸ್ಕ್ ಇರಲಿಲ್ಲ. ಫೈಲುಗಳು ನೆಲದ ಮೇಲೆ ಬಿದ್ದವು. ಬೆಳಿಗ್ಗೆ ನಾನು ರೀಬೂಟ್ ಮಾಡಿದೆ. ಡಿಸ್ಕ್ ಸರಿಯಾಗಿ ಮೌಂಟ್ ಆಗಿ ಅವುಗಳ ಮೇಲೆ ಬಂದು ಕೂತಿತು.

ಅಡಿಯಲ್ಲಿ ನೋಡಲು ಡಿಸ್ಕನ್ನು ಅನ್‌ಮೌಂಟ್ ಮಾಡಬಹುದು. ಆದರೆ ದೊಡ್ಡಪ್ಪ ಕೇಳುತ್ತಿದ್ದರು, ಮೇಲಾಗಿ ನನಗೆ ಆ ಹೊತ್ತಿನಲ್ಲಿ ಏನನ್ನೂ ಅಲುಗಾಡಿಸಲು ಮನಸ್ಸಿರಲಿಲ್ಲ. ಇನ್ನೊಂದು ದಾರಿ ಇದೆ, ಬೈಂಡ್ ಮೌಂಟ್. ಮೂಲ ಫೈಲ್‌ಸಿಸ್ಟಮನ್ನೇ ಎಂಎನ್‌ಟಿ ಡೈರೆಕ್ಟರಿಯಲ್ಲಿ ಇನ್ನೊಂದು ಸಲ ಕಾಣುವಂತೆ ಮಾಡುವುದು. ಬರೀ ಬೈಂಡ್ ಕೊಟ್ಟರೆ ಮೇಲೆ ಕೂತ ಬೇರೆ ಡಿಸ್ಕುಗಳು ಜೊತೆಗೆ ಬರುವುದಿಲ್ಲ, ಎಸ್‌ಎಸ್‌ಡಿಯಲ್ಲಿ ನಿಜವಾಗಿ ಇರುವುದಷ್ಟೇ ಕಾಣುತ್ತದೆ. ಆರ್‌ಬೈಂಡ್ ಅಂತ ಕೊಟ್ಟರೆ ಅವೂ ಬಂದುಬಿಡುತ್ತವೆ, ಆಗ ಮತ್ತೆ ಕಂಬಳಿಯೇ ಕಾಣುವುದು. ಒಂದಕ್ಷರದ ವ್ಯತ್ಯಾಸ.

ಬೈಂಡ್ ಮಾಡಿ, ಎಂಎನ್‌ಟಿ ಒಳಗಿನ ಎಸ್‌ಆರ್‌ವಿ, ಅದರೊಳಗಿನ ಧ್ವನಿಗೆ ಎಲ್‌ಎಸ್, ಅಂದರೆ ಫೈಲುಗಳ ಪಟ್ಟಿ ತೋರಿಸುವ ಆಜ್ಞೆ, ಕೊಟ್ಟೆ.

ಸಾಲುಸಾಲಾಗಿ ಇಳಿದು ಬಂದವು. ‘1987-ಆಷಾಢ-3’ ಅನ್ನುವ ಹೆಸರು ನಡುವೆ ಎಲ್ಲೋ ಇತ್ತು. ಎಣಿಸಿದೆ, 34. ಮತ್ತೊಂದು ಸಲ ಎಣಿಸಿದೆ.

ಹೊಸ ಡಿಸ್ಕಿಗೆ ನಕಲು ಮಾಡಿದೆ. ಎರಡೂ ಕಡೆಯ ಪ್ರತಿ ಫೈಲಿಗೆ ಎಸ್‌ಎಚ್‌ಎ-256 ಮೊತ್ತ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಹೋಲಿಸಿದೆ. ಎಲ್ಲ 34 ತಾಳೆಯಾದ ಮೇಲೆ ಇನ್ನೊಂದು ಬೇರೆ ಡಿಸ್ಕಿಗೂ ಒಂದು ಪ್ರತಿ ಇಟ್ಟೆ. ಆಮೇಲೆ ಮಾತ್ರ ಎಸ್‌ಎಸ್‌ಡಿಯ ಮೇಲಿನ ಪ್ರತಿ ಅಳಿಸಿದೆ. ಡಿಎಫ್ ಮತ್ತು ಡಿಯು ಮತ್ತೆ ಒಂದೇ ಮಾತು ಹೇಳಿದವು.

ಇಷ್ಟಾದರೂ ನನಗೆ ಸಮಾಧಾನ ಇರಲಿಲ್ಲ. ರಾತ್ರಿ ಮೌಂಟ್ ಆಜ್ಞೆ ದೋಷ ಹೇಳಲಿಲ್ಲ. ಬೆಳಿಗ್ಗೆ ಅದೇ ಎಫ್‌ಎಸ್‌ಟ್ಯಾಬ್ ಸಾಲು, ಒಂದಕ್ಷರವೂ ಬದಲಾಗದೆ, ಸರಿಯಾಗಿ ಕೆಲಸ ಮಾಡಿತು. ಹಾಗಾದರೆ ರಾತ್ರಿ ಡಿಸ್ಕ್ ಹೋದದ್ದೆಲ್ಲಿ?

ಯಂತ್ರದ ದಿನಚರಿ ತೋರಿಸುವ ಜರ್ನಲ್‌ಸಿಟಿಎಲ್‌ಗೆ ಹಿಂದಿನ ಬೂಟಿನ ಲಾಗ್ ಕೇಳಿದೆ. ರಾತ್ರಿ 10:41ರ ಹತ್ತಿರ ಬಂದೆ. ಕರ್ನಲ್ ಇಎಕ್ಸ್‌ಟಿ4 ಮೌಂಟ್ ಆಯಿತು ಅಂತ ಬರೆದಿತ್ತು. ಅದರ ಕೆಳಗೇ, ಅದೇ ಸೆಕೆಂಡಿನಲ್ಲಿ, ಲಿನಕ್ಸ್‌ನ ಸೇವೆಗಳನ್ನೆಲ್ಲ ಹಚ್ಚುವ, ಆರಿಸುವ ಸಿಸ್ಟಮ್‌ಡಿಯ ಸಾಲು. ಈ ಮೌಂಟ್ ಯೂನಿಟ್ಟು ನಿಷ್ಕ್ರಿಯವಾಗಿರುವ ಒಂದು ಡಿವೈಸ್ ಯೂನಿಟ್ಟಿಗೆ ಕಟ್ಟಿಕೊಂಡಿದೆ, ಆದ್ದರಿಂದ ಇದನ್ನೂ ನಿಲ್ಲಿಸುತ್ತಿದ್ದೇನೆ, ಅಂತ. ಅದರ ಕೆಳಗೆ ಅನ್‌ಮೌಂಟ್. ಆ ಡಿವೈಸಿನ ಹೆಸರಿನಲ್ಲಿದ್ದ ಯುಯುಐಡಿ ಹೊಸ ಡಿಸ್ಕಿನದಲ್ಲ. ಬೀರುವಿನಲ್ಲಿದ್ದ ಹಳೇ ಡಿಸ್ಕಿನದು.

ಆ ಸಾಲನ್ನು ಮೂರ್ನಾಲ್ಕು ಸಲ ಓದಿದೆ. ಆಮೇಲೆ ಎಲ್ಲ ಕೂಡಿಕೊಂಡಿತು.

ಈಗಿನ ಲಿನಕ್ಸ್‌ಗಳಲ್ಲಿ ಎಫ್‌ಎಸ್‌ಟ್ಯಾಬನ್ನು ಮೌಂಟ್ ಆಜ್ಞೆ ಮಾತ್ರ ಓದುವುದಿಲ್ಲ, ಸಿಸ್ಟಮ್‌ಡಿಯೂ ಓದುತ್ತದೆ. ಬೂಟ್ ಆಗುವಾಗ ಅದರ ಒಂದೊಂದು ಸಾಲನ್ನೂ ಒಂದೊಂದು ಮೌಂಟ್ ಯೂನಿಟ್, ಅಂದರೆ ತಾನು ನೋಡಿಕೊಳ್ಳುವ ಒಂದೊಂದು ಕೆಲಸ, ಆಗಿ ಬದಲಾಯಿಸಿಕೊಂಡು ನೆನಪಿನಲ್ಲಿಡುತ್ತದೆ. ಆಮೇಲೆ ಫೈಲು ತಿದ್ದಿದರೆ ಅದು ತಾನಾಗಿ ಮತ್ತೆ ಓದುವುದಿಲ್ಲ. ಡೀಮನ್-ರಿಲೋಡ್ ಅಂತ ನಾವೇ ಹೇಳಬೇಕು. ನಾನು ಹೇಳಿರಲಿಲ್ಲ. ಮೌಂಟ್ ಆಜ್ಞೆ ಹೊಸ ಸಾಲು ಓದಿ, ಹೊಸ ಡಿಸ್ಕನ್ನು ಸರಿಯಾಗಿಯೇ ಮೌಂಟ್ ಮಾಡಿ, ಸರಿಯಾಯಿತು ಅಂತ ಸುಮ್ಮನಾಯಿತು. ಆದರೆ ಸಿಸ್ಟಮ್‌ಡಿಯ ನೆನಪಿನಲ್ಲಿ ‘ಧ್ವನಿ’ ಅನ್ನುವ ಜಾಗ ಹಳೇ ಡಿಸ್ಕಿಗೆ ಸೇರಿದ್ದು. ಹಳೇ ಡಿಸ್ಕ್ ಇಲ್ಲ, ಹಾಗಾದರೆ ಈ ಮೌಂಟ್ ಇರಬಾರದು ಅಂತ ತೀರ್ಮಾನಿಸಿ ಅದೇ ಕ್ಷಣ ಬಿಚ್ಚಿಹಾಕಿತು. ಬೆಳಿಗ್ಗೆ ರೀಬೂಟ್ ಆದಾಗ ಹೊಸದಾಗಿ ಓದಿತು, ಸರಿಯಾಯಿತು.

ಡಿಸ್ಕ್ ಕಿತ್ತುಹೋದರೆ ಅದರ ಮೌಂಟನ್ನು ತೆಗೆಯುವುದು ಒಳ್ಳೆಯ ಉದ್ದೇಶವೇ. ಆದರೆ ಆಜ್ಞೆ ಕೊಟ್ಟವನಿಗೆ ಒಂದು ಮಾತೂ ಹೇಳದೆ ತೆಗೆಯುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈಚಿನ ಮೌಂಟ್ ಆಜ್ಞೆ, ಎಫ್‌ಎಸ್‌ಟ್ಯಾಬ್ ಬದಲಾಗಿದೆ, ಸಿಸ್ಟಮ್‌ಡಿ ಇನ್ನೂ ಹಳೆಯದನ್ನೇ ಬಳಸುತ್ತಿದೆ ಅಂತ ತಾನೇ ಎಚ್ಚರಿಸುತ್ತದೆ. ನನ್ನ ಯಂತ್ರದಲ್ಲಿ ಆಗ ಆ ಎಚ್ಚರಿಕೆ ಬರುತ್ತಿರಲಿಲ್ಲ.

ಇನ್ನೊಂದು ತಪ್ಪು ಇನ್ನೂ ಹಳೆಯದು. ಮೊದಲ ಸಲ ‘ಧ್ವನಿ’ ಡೈರೆಕ್ಟರಿ ಮಾಡಿದಾಗ, ಡಿಸ್ಕ್ ಕೂಡಿಸುವ ಮೊದಲೇ, ಅದರ ಒಡೆತನವನ್ನು ನನ್ನ ಬಳಕೆದಾರನ ಹೆಸರಿಗೆ ಬದಲಾಯಿಸಿದ್ದೆ. ಅದು ಬೇಕಾಗಿದ್ದು ಡಿಸ್ಕಿನ ಒಳಗಿನ ಮೂಲ ಡೈರೆಕ್ಟರಿಗೆ, ಅಡಿಯ ಖಾಲಿ ಡೈರೆಕ್ಟರಿಗಲ್ಲ. ಅಡಿಯದು ರೂಟ್ ಹೆಸರಿನಲ್ಲೇ ಇದ್ದಿದ್ದರೆ ಆವತ್ತು ರಾತ್ರಿ ಆರ್‌ಸಿಂಕ್ ಮೊದಲ ಫೈಲಿನಲ್ಲೇ ಅನುಮತಿ ಇಲ್ಲ ಅಂತ ನಿಂತಿರುತ್ತಿತ್ತು. ಎಲ್ಲ 38 ಕ್ಯಾಸೆಟ್ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿ ಇರುತ್ತಿದ್ದವು.

ಬೈಂಡ್ ಮೌಂಟ್ ಇನ್ನೂ ತೆರೆದೇ ಇತ್ತು. ಅದರ ಮೂಲಕವೇ ಅಡಿಯ ಡೈರೆಕ್ಟರಿಯನ್ನು ರೂಟ್ ಹೆಸರಿಗೆ ಹಾಕಿದೆ. ರೂಟ್ ಆಗಿ ಓಡುವ ಪ್ರೋಗ್ರಾಂಗಳಿಗೆ ಅನುಮತಿಯ ಗೋಡೆ ಲೆಕ್ಕಕ್ಕಿಲ್ಲ, ಅದಕ್ಕೆ ಸಿಎಚ್‌ಎಟಿಟಿಆರ್ ಆಜ್ಞೆಯಿಂದ ಬದಲಾಗದ ಗುರುತನ್ನೂ ಹಾಕಿದೆ. ಆ ಗುರುತು ಇರುವ ತನಕ ರೂಟ್ ಕೂಡ ಅದರೊಳಗೆ ಒಂದು ಫೈಲು ಹುಟ್ಟಿಸಲು ಆಗುವುದಿಲ್ಲ. ಮೌಂಟ್ ಮಾಡಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಡಿಸ್ಕ್ ಬಂದು ಕೂತರೆ ಡಿಸ್ಕಿನ ನಿಯಮ, ಇಲ್ಲದಿದ್ದರೆ ಮುಚ್ಚಿದ ಬಾಗಿಲು.

ಎಫ್‌ಎಸ್‌ಟ್ಯಾಬ್ ಸಾಲಿಗೆ ಎರಡು ಆಯ್ಕೆ ಸೇರಿಸಿದೆ. ಒಂದು ನೋಫೇಲ್. ಇದು ಇಲ್ಲದಿದ್ದರೆ, ಯುಎಸ್‌ಬಿ ಡಿಸ್ಕ್ ಸಿಗದಿದ್ದಾಗ ಸಿಸ್ಟಮ್‌ಡಿ 90 ಸೆಕೆಂಡ್ ಕಾದು, ಆಮೇಲೆ ಇಡೀ ಯಂತ್ರವನ್ನು ತುರ್ತು ಸ್ಥಿತಿಯಲ್ಲಿ ನಿಲ್ಲಿಸುತ್ತದೆ. ಡೆಬಿಯನ್‌ನಲ್ಲಿ ರೂಟ್‌ಗೆ ಪಾಸ್‌ವರ್ಡ್ ಇಟ್ಟಿಲ್ಲದಿದ್ದರೆ ಅಲ್ಲಿ ಒಳಗೆ ಹೋಗಲೂ ಬಿಡುವುದಿಲ್ಲ, ರೂಟ್ ಖಾತೆಗೆ ಬೀಗ ಹಾಕಿದೆ ಅಂತ ಹೇಳಿ ಕೂತುಬಿಡುತ್ತದೆ. ಆಮೇಲೆ ಲಿನಕ್ಸನ್ನು ಎಬ್ಬಿಸುವ ಗ್ರಬ್‌ನಲ್ಲಿ ಸಾಲು ತಿದ್ದಿ ಒಳಗೆ ಹೋಗಬೇಕು. ಹಾಡಿನ ಡಿಸ್ಕಿಗಾಗಿ ಇಡೀ ಯಂತ್ರ ನಿಲ್ಲುವುದು ಬೇಡ. ಎರಡನೆಯದು, ಕಾಯುವ ಅವಧಿಯನ್ನು 15 ಸೆಕೆಂಡಿಗೆ ಇಳಿಸುವ ಆಯ್ಕೆ. ಡೀಮನ್-ರಿಲೋಡ್ ಕೊಟ್ಟು, ಮೌಂಟ್‌ಗಳ ವಿವರ ಹೇಳುವ ಫೈಂಡ್‌ಎಂಎನ್‌ಟಿ ಆಜ್ಞೆಯ ವೆರಿಫೈ ಆಯ್ಕೆಯಿಂದ ಎಫ್‌ಎಸ್‌ಟ್ಯಾಬ್ ಪರೀಕ್ಷಿಸಿದೆ. ದೋಷ ಇಲ್ಲ ಅಂತ ಬಂತು.

ಲ್ಯಾಪ್‌ಟಾಪಿನ ಸ್ಕ್ರಿಪ್ಟಿನಲ್ಲೂ ಒಂದು ಸಾಲು ಸೇರಿತು. ಕಳಿಸುವ ಮೊದಲು ಅದು ಆ ಕಡೆಯ ಯಂತ್ರವನ್ನು ಕೇಳುತ್ತದೆ, ಈ ಜಾಗ ನಿಜಕ್ಕೂ ಮೌಂಟ್ ಪಾಯಿಂಟ್ ಹೌದಾ ಅಂತ. ಅದಕ್ಕೆ ಮೌಂಟ್‌ಪಾಯಿಂಟ್ ಅನ್ನುವ ಹೆಸರಿನದೇ ಒಂದು ಪುಟ್ಟ ಆಜ್ಞೆ ಇದೆ. ಕೈಯಾರೆ ನೋಡುವಾಗ ನನಗೆ ಜಾಸ್ತಿ ಇಷ್ಟ ಫೈಂಡ್‌ಎಂಎನ್‌ಟಿಯ ದೊಡ್ಡಕ್ಷರದ ಟಿ ಆಯ್ಕೆ. ಯಾವ ದಾರಿ ಕೊಟ್ಟರೂ ಅದು ಈ ಕ್ಷಣ ಯಾವ ಡಿಸ್ಕಿನ ಮೇಲಿದೆ ಅಂತ ಹೇಳುತ್ತದೆ. ಧ್ವನಿ ಅಂತ ಕೇಳಿದಾಗ ಮೂಲ ಎಸ್‌ಎಸ್‌ಡಿಯ ಹೆಸರು ಬಂದರೆ, ಕಂಬಳಿ ಹಾಸಿಲ್ಲ ಅಂತ ಅರ್ಥ.

ಸಂಜೆ ಪರೀಕ್ಷೆ ಮಾಡಿದೆ. ಸ್ಕ್ರಿಪ್ಟಿಗೆ ಸೇರಿಸಿದ ಹೊಸ ಸಾಲನ್ನು ಬೇಕೆಂದೇ ತೆಗೆದಿಟ್ಟೆ, ಬಾಗಿಲು ಒಂದೇ ತಡೆಯುತ್ತದಾ ನೋಡಬೇಕಿತ್ತು. ಕಂಪ್ಯೂಟರ್ ಆರಿಸಿ ಯುಎಸ್‌ಬಿ ತಂತಿ ಕಿತ್ತೆ. ಮತ್ತೆ ಹಚ್ಚಿದೆ. ಡಿಸ್ಕ್ ಇಲ್ಲದೆಯೂ ಯಂತ್ರ ಎದ್ದಿತು. ಲ್ಯಾಪ್‌ಟಾಪಿನಿಂದ ಉಳಿದ 4 ಕ್ಯಾಸೆಟ್ ಕಳಿಸಲು ಹೇಳಿದೆ. ಮೊದಲ ಫೈಲಿಗೇ ಈ ಕೆಲಸಕ್ಕೆ ಅನುಮತಿ ಇಲ್ಲ ಅಂತ ಕೆಂಪು ಸಾಲು ಬಂತು. ಲ್ಯಾಪ್‌ಟಾಪಿನಲ್ಲಿ 4 ಫೈಲೂ ಇದ್ದ ಹಾಗೇ ಇದ್ದವು. ತಂತಿ ಸಿಕ್ಕಿಸಿ, ಮೌಂಟ್ ಮಾಡಿ, ಫೈಂಡ್‌ಎಂಎನ್‌ಟಿಯಲ್ಲಿ ಹೊಸ ಡಿಸ್ಕಿನ ಹೆಸರು ನೋಡಿಕೊಂಡು, ತೆಗೆದ ಸಾಲನ್ನು ಸ್ಕ್ರಿಪ್ಟಿಗೆ ವಾಪಸ್ ಹಾಕಿ ಮತ್ತೆ ಕಳಿಸಿದೆ. ನಾಲ್ಕೂ ಹೋದವು.

ರಾತ್ರಿ ಊಟ ಆದ ಮೇಲೆ ದೊಡ್ಡಪ್ಪನಿಗೆ ‘1987-ಆಷಾಢ-3’ ಹಾಕಿಕೊಟ್ಟೆ. ಮೊದಲಿಗೆ ಬರೀ ಮಳೆಯ ಸದ್ದು, ಹೆಂಚಿನ ಮೇಲೆ ಬೀಳುವುದು. ಯಾರೋ ಕೆಮ್ಮಿದರು. ಆಮೇಲೆ ಮದ್ದಳೆಯ ಮೊದಲ ಪೆಟ್ಟು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಜೋರು ಮಾಡು ಅಂತ ಕೈ ಮಾಡಿದರು.